ವೈದ್ಯರು ಮಣ್ಣಿನ ಬಗೆಗೂ ಕೇಳಲಿ

ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬುದು ಮಲೆನಾಡಿನಲ್ಲಿ ಬರಿಯ ಸುದ್ದಿಯಲ್ಲ, ಅದೊಂದು ಎಚ್ಚರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರು ಜ್ವರದಿಂದ ಹಾಸಿಗೆ ಹಿಡಿದರು. ಉಣುಗಿನ ಮೂಲಕ ಹರಡುವ ವೈರಾಣುವೊಂದು ಈ ಎರಡಕ್ಕೂ ಕಾರಣವೆಂದು ಆಮೇಲೆ ತಿಳಿದುಬಂದಿತು. ಅಂದಿನಿಂದ ನಮ್ಮ ಸೀಮೆಯ ಜನ ಒಂದು ಪಾಠವನ್ನು ಕಲಿತಿದ್ದಾರೆ. ಮನುಷ್ಯನ ಕಾಯಿಲೆಯನ್ನು ಅವನ ಸುತ್ತಲಿನ ಕಾಡಿನಿಂದ, ಪ್ರಾಣಿಗಳಿಂದ, ನೆಲದಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳಲಾಗದು ಎಂಬುದೇ ಆ ಪಾಠ.

ಆದರೆ ಈ ಪಾಠವನ್ನು ನಾವು ಮಂಗನ ಕಾಯಿಲೆಗೆ ಮಾತ್ರ ಮೀಸಲಾಗಿ ಇರಿಸಿದ್ದೇವೆ. ಕೆಮ್ಮು, ಎದೆನೋವು, ಬಿಡದ ಜ್ವರ ಎಂದಾಗ ಅದು ನಮಗೆ ನೆನಪಾಗುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಯನ್ನು ಬೀಡಿ ಸೇದುತ್ತೀರಾ ಎಂದು ಕೇಳುತ್ತಾರೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂದು ಕೇಳುತ್ತಾರೆ. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಕಳೆದ ವರ್ಷ ಎಲ್ಲಿ ಮಣ್ಣು ಅಗೆದಿರಿ, ಯಾವ ಮರ ಕಡಿದಿರಿ, ಬಾವಲಿಗಳಿದ್ದ ಯಾವ ಅಟ್ಟವನ್ನು ಗುಡಿಸಿದಿರಿ ಎಂದು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಈ ಪ್ರಶ್ನೆಗಳನ್ನು ಕೇಳದಿರುವುದರಿಂದ ಕೆಲವರ ಪ್ರಾಣಕ್ಕೇ ಸಂಚಕಾರ ಬರಬಹುದು. ಮಣ್ಣಿನಲ್ಲಿ, ಮರದ ಪೊಟರೆಯಲ್ಲಿ, ಹಿಕ್ಕೆಯ ರಾಶಿಯಲ್ಲಿ ಬದುಕುವ ಕೆಲವು ಶಿಲೀಂಧ್ರಗಳು ಉಸಿರಿನೊಡನೆ ಎದೆಯೊಳಗೆ ಹೋಗಿ, ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ಮನುಷ್ಯನನ್ನೂ ಕೆಡವಬಲ್ಲವು. ಅವು ಅಪರೂಪದ ಸೋಂಕುಗಳು ಎಂಬುದು ನಿಜ. ಆದರೆ ಅಪರೂಪ ಎಂಬ ಮಾತು ಹುಡುಕದೆ ಇರುವುದಕ್ಕೆ ನೆಪವಾಗಬಾರದು. ಇದನ್ನು ವಿವರಿಸಲು ಮೊದಲು ನಮ್ಮಿಂದ ಬಹುದೂರದ ಒಂದು ದ್ವೀಪದ ಕಥೆಯನ್ನು ಹೇಳಬೇಕು.

ವ್ಯಾಂಕೂವರ್ ದ್ವೀಪದಲ್ಲಿ ನಡೆದದ್ದು

ಕೆನಡಾ ದೇಶದ ಪಶ್ಚಿಮ ಕರಾವಳಿಗೆ ಹೊಂದಿಕೊಂಡು ವ್ಯಾಂಕೂವರ್ ದ್ವೀಪವಿದೆ. ದಟ್ಟವಾದ ಸೂಚಿಪರ್ಣಿ ಕಾಡು, ಸಮುದ್ರತೀರ, ವಿಶ್ರಾಂತ ಜೀವನಕ್ಕೆ ಹೇಳಿ ಮಾಡಿಸಿದಂಥ ಊರುಗಳು. 1999ರಿಂದ ಈಚೆಗೆ ಆ ದ್ವೀಪದಲ್ಲಿ ವಿಚಿತ್ರವೊಂದು ಕಂಡುಬಂದಿತು. ಕೆಮ್ಮು, ಎದೆನೋವು, ತಲೆನೋವು, ರಾತ್ರಿ ಬೆವರುವುದು, ತೂಕ ಇಳಿಯುವುದು ಎಂದು ಆಸ್ಪತ್ರೆಗೆ ಬಂದವರ ಎಕ್ಸ್‌-ರೇಯಲ್ಲಿ ಶ್ವಾಸಕೋಶದೊಳಗೆ ಗಂಟುಗಳು ಕಾಣಿಸಿದವು. ಪರೀಕ್ಷಿಸಿದಾಗ ಸಿಕ್ಕಿದ್ದು ಕ್ರಿಪ್ಟೋಕಾಕಸ್ ಗ್ಯಾಟ್ಟಿ ಎಂಬ ಶಿಲೀಂಧ್ರ. ಉಷ್ಣವಲಯ ಹಾಗೂ ಅದರ ಆಸುಪಾಸಿನ ಬೆಚ್ಚನೆಯ ನಾಡುಗಳ ಜೀವಿ ಎಂದೇ ಅದುವರೆಗೆ ವಿಜ್ಞಾನಿಗಳು ಅದನ್ನು ತಿಳಿದಿದ್ದರು. ತಣ್ಣನೆಯ ಕೆನಡಾದಲ್ಲಿ ಅದಕ್ಕೇನು ಕೆಲಸ?

ಇದೇ ಹೊತ್ತಿಗೆ ಪಶುವೈದ್ಯರೂ ಅದೇ ರೋಗವನ್ನು ಕಾಣತೊಡಗಿದ್ದರು. ನಾಯಿ, ಬೆಕ್ಕು, ಲಾಮಾಗಳು ಕಾಯಿಲೆ ಬಿದ್ದವು. ಡಾಲ್ಫಿನ್‌ನ ಹತ್ತಿರದ ಬಳಗದ ಪಾರ್ಪಾಯ್ಸ್‌ಗಳು ಸತ್ತು ದಡಕ್ಕೆ ಬಂದವು. ಮನುಷ್ಯ ದೇಶ ಸುತ್ತುತ್ತಾನೆ, ರೋಗವನ್ನು ಎಲ್ಲಿಂದಲೋ ತಂದಿರಬಹುದು ಎಂದು ಹೇಳಬಹುದಿತ್ತು. ಮನೆಯ ಅಂಗಳ ಬಿಟ್ಟು ದೂರ ಹೋಗದ ಬೆಕ್ಕಿನ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ರೋಗಾಣು ಈ ದ್ವೀಪದಲ್ಲಿಯೇ ಇದೆ ಎಂಬುದಕ್ಕೆ ಪ್ರಾಣಿಗಳೇ ಸಾಕ್ಷಿಯಾದವು. ಕ್ಯಾಸನೂರಿನಲ್ಲಿ ಮಂಗಗಳು ಹೇಳಿದ್ದನ್ನು ಅಲ್ಲಿ ನಾಯಿಬೆಕ್ಕುಗಳು ಹೇಳಿದವು.

ಸಂಶೋಧಕರು ಹುಡುಕಿಕೊಂಡು ಕಾಡಿಗೆ ಹೋದರು. ಡಗ್ಲಸ್ ಫರ್ ಮೊದಲಾದ ಅಲ್ಲಿಯದೇ ಮರಗಳ ತೊಗಟೆಯಲ್ಲಿ, ಮಣ್ಣಿನಲ್ಲಿ, ಗಾಳಿಯಲ್ಲಿ ಆ ಶಿಲೀಂಧ್ರ ಸಿಕ್ಕಿತು. ಒಣಹವೆಯ ಬೇಸಗೆಯಲ್ಲಿ ಗಾಳಿಯಲ್ಲಿ ಅದರ ಪ್ರಮಾಣ ಹೆಚ್ಚು; ಮರ ಕಡಿಯುವಾಗ ಇನ್ನೂ ಹೆಚ್ಚು. ವಾಹನಗಳ ಗಾಲಿಯ ಸಂದಿಯಲ್ಲಿ, ನಡೆದಾಡುವವರ ಪಾದರಕ್ಷೆಗಳ ಮಣ್ಣಿನಲ್ಲಿಯೂ ಅದು ದೊರೆಯಿತು. ಕೆಲವೇ ವರ್ಷಗಳಲ್ಲಿ ದ್ವೀಪದಾಚೆಯ ಮುಖ್ಯ ಭೂಭಾಗಕ್ಕೂ, ಅಮೆರಿಕದ ವಾಷಿಂಗ್ಟನ್ ಮತ್ತು ಆರೆಗನ್ ರಾಜ್ಯಗಳಿಗೂ ಅದು ಕಾಲಿಟ್ಟಿತು.

1999ರಿಂದ 2007ರವರೆಗೆ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 218 ಮಂದಿಗೆ ಈ ಸೋಂಕು ದಾಖಲಾಯಿತು. ಅವರಲ್ಲಿ 19 ಮಂದಿ ತೀರಿಕೊಂಡರು. ದ್ವೀಪದ ಜನಸಂಖ್ಯೆಗೆ ಹೋಲಿಸಿದರೆ ವರ್ಷಕ್ಕೆ ಹತ್ತು ಲಕ್ಷ ಮಂದಿಯಲ್ಲಿ ಸುಮಾರು 25 ಮಂದಿಗೆ ಬಂದ ರೋಗವಿದು. ಸಣ್ಣ ಸಂಖ್ಯೆಯೇ ಸರಿ. ಆದರೂ ಅಲ್ಲಿಯ ಆರೋಗ್ಯ ವ್ಯವಸ್ಥೆ ಈ ಸಣ್ಣ ಸಂಖ್ಯೆಯನ್ನು ಎಣಿಸಿತು. ಎಣಿಸಿದ್ದರಿಂದಲೇ ಕಾಡಿಗೂ ಕೆಮ್ಮಿಗೂ ಇರುವ ನಂಟು ಬೆಳಕಿಗೆ ಬಂದಿತು.

ಈ ಶಿಲೀಂಧ್ರ ಆ ದ್ವೀಪಕ್ಕೆ ಬಂದದ್ದು ಹೇಗೆ ಎಂಬ ಬಗ್ಗೆ ಹಲವು ಊಹೆಗಳಿವೆ. ಹಡಗುಗಳ ಮೂಲಕ ಕರಾವಳಿಯ ನೀರಿಗೆ ಬಂದು ಸೇರಿದ್ದ ಶಿಲೀಂಧ್ರವನ್ನು, 1964ರ ಅಲಾಸ್ಕಾ ಭೂಕಂಪದ ಸುನಾಮಿ ಅಲೆಗಳು ದಡದ ಕಾಡಿಗೆ ಎತ್ತಿಹಾಕಿರಬಹುದು ಎಂದು 2019ರಲ್ಲಿ ಇಬ್ಬರು ವಿಜ್ಞಾನಿಗಳು ವಾದಿಸಿದರು. ಇದು ಸಿದ್ಧವಾದ ಸತ್ಯವಲ್ಲ, ಒಂದು ವಾದ. ಆದರೆ ರೋಗದ ಚರಿತ್ರೆಯನ್ನು ಬರೆಯಹೊರಟವರು ಭೂಕಂಪ, ಸಮುದ್ರ, ವ್ಯಾಪಾರ, ಕಾಡು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು ಎಂಬುದನ್ನು ವಿದ್ಯಾರ್ಥಿ ಮಿತ್ರರು ಗಮನಿಸಬೇಕು.

ಆರೋಗ್ಯವಂತ ಎಂದರೆ ಯಾರು?

ಶಿಲೀಂಧ್ರ ಸೋಂಕು ಎಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು 2021ರ ಬೇಸಗೆ. ಕೊರೋನಾದಿಂದ ಬಳಲಿದವರಿಗೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೆ, ಸ್ಟೀರಾಯ್ಡ್ ಔಷಧ ಹೆಚ್ಚಾಗಿ ಪಡೆದವರಿಗೆ ತಗುಲಿದ ಮ್ಯೂಕರ್ ಶಿಲೀಂಧ್ರ ರೋಗ 'ಕಪ್ಪು ಶಿಲೀಂಧ್ರ' ಎಂಬ ಹೆಸರಿನಲ್ಲಿ ಮನೆಮನೆಯ ಮಾತಾಯಿತು. ಆ ವರ್ಷದ ಮೇ ತಿಂಗಳಿನಲ್ಲಿ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಬೇರೂರಿತು. ಶಿಲೀಂಧ್ರ ಹಿಡಿಯುವುದು ದುರ್ಬಲರನ್ನು ಮಾತ್ರ, ಗಟ್ಟಿ ಆಳಿಗೆ ಅದರ ಭಯವಿಲ್ಲ ಎಂಬುದೇ ಆ ತಿಳಿವಳಿಕೆ.

ಕ್ರಿಪ್ಟೋಕಾಕಸ್ ಗ್ಯಾಟ್ಟಿ ಈ ನಂಬಿಕೆಯನ್ನು ಸುಳ್ಳು ಮಾಡುತ್ತದೆ. ಅದರ ದಾಯಾದಿ ಕ್ರಿಪ್ಟೋಕಾಕಸ್ ನಿಯೋಫಾರ್ಮನ್ಸ್ ಪಾರಿವಾಳದ ಹಿಕ್ಕೆಯಲ್ಲಿ ಹೇರಳವಾಗಿ ಸಿಗುವಂಥದು. ಮುಖ್ಯವಾಗಿ ಎಚ್‌ಐವಿ ಸೋಂಕಿತರಂಥ ರೋಗನಿರೋಧಕ ಶಕ್ತಿ ಕುಗ್ಗಿದವರನ್ನು ಅದು ಕಾಡುತ್ತದೆ. ಗ್ಯಾಟ್ಟಿ ಹಾಗಲ್ಲ. ಬೇರಾವ ಕಾಯಿಲೆಯೂ ಇಲ್ಲದವರಿಗೆ ಅದು ತಗುಲಿದ ಉದಾಹರಣೆಗಳು ಹೇರಳ. ಅದರ ಕಣ ಎಷ್ಟು ಚಿಕ್ಕದೆಂದರೆ ಉಸಿರಿನೊಡನೆ ನೇರವಾಗಿ ಶ್ವಾಸಕೋಶದ ತುದಿಯ ಗಾಳಿಚೀಲಗಳನ್ನೇ ಸೇರಬಲ್ಲದು. ಅಲ್ಲಿ ತನ್ನ ಸುತ್ತ ಸಕ್ಕರೆಯ ಸರಪಳಿಗಳಿಂದಾದ ದಪ್ಪ ಕವಚವೊಂದನ್ನು ಹೊದ್ದುಕೊಳ್ಳುತ್ತದೆ. ದೇಹದ ಕಾವಲು ಕಣಗಳಿಗೆ ಅದನ್ನು ಗುರುತಿಸಿ ನುಂಗುವುದು ಕಷ್ಟವಾಗುತ್ತದೆ. ಕೆಲವರಲ್ಲಿ ಅದು ಗಂಟು ಕಟ್ಟಿ ಕುಳಿತುಕೊಳ್ಳುತ್ತದೆ. ಕೆಲವರಲ್ಲಿ ರಕ್ತದ ಮೂಲಕ ಮಿದುಳಿನ ಪೊರೆಗೆ ಏರುತ್ತದೆ. ಹಾಗೆ ಏರಿದಾಗ ಪ್ರಾಣಾಪಾಯ.

ಇನ್ನೊಂದು ವಿಷಯವೂ ಈಚಿನ ವರ್ಷಗಳಲ್ಲಿ ತಿಳಿದುಬಂದಿದೆ. ಆರೋಗ್ಯವಂತರೆಂದು ಎಣಿಸಲಾದ ಕೆಲವು ರೋಗಿಗಳ ರಕ್ತದಲ್ಲಿ, ಶ್ವಾಸಕೋಶದ ಕಾವಲು ಕಣಗಳನ್ನು ಎಚ್ಚರವಾಗಿಡುವ ಒಂದು ಸಂಕೇತದ್ರವ್ಯವನ್ನೇ ತಡೆಯುವ ಪ್ರತಿಕಾಯಗಳು ಕಂಡುಬಂದಿವೆ. ಅಂದರೆ ಹೊರಗೆ ಹೊರೆ ಹೊರುವ ಶಕ್ತಿಯಿದ್ದರೂ ಒಳಗೊಂದು ಬಾಗಿಲಿಗೆ ಅಗುಳಿ ಇಲ್ಲ. ಆ ಮನುಷ್ಯನಿಗೆ ಅದು ಗೊತ್ತಿಲ್ಲ, ಅವನನ್ನು ನೋಡುವ ವೈದ್ಯರಿಗೂ ಗೊತ್ತಿಲ್ಲ. ಆದ್ದರಿಂದ 'ಇವನಿಗೇನು, ಕಲ್ಲುಗುಂಡಿನಂತಿದ್ದಾನೆ' ಎಂಬ ಮಾತಿನಿಂದ ಪರೀಕ್ಷೆಯನ್ನು ಮುಗಿಸಬಾರದು. ಆರೋಗ್ಯವಂತ ಎಂಬುದು ಎಷ್ಟೋ ವೇಳೆ ನಾವು ಇನ್ನೂ ಪರೀಕ್ಷಿಸಿಲ್ಲ ಎಂಬುದರ ಇನ್ನೊಂದು ಹೆಸರು.

ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿಯನ್ನು ದೂರವಿಡುವ, ಅವನ ತಟ್ಟೆ ಲೋಟ ಬೇರೆ ಮಾಡುವ ಅಗತ್ಯ ಎಳ್ಳಷ್ಟೂ ಇಲ್ಲ. ಉಸಿರಿನಲ್ಲಿ ಒಳಹೋದ ಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಆರೇಳು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಮೀರಿದ ಕಾಲ ಹಿಡಿಯುತ್ತದೆ. ಬೇಸಗೆಯಲ್ಲಿ ಕಡಿದ ಮರದ ನೆನಪು ಮುಂದಿನ ಚಳಿಗಾಲದ ಕೆಮ್ಮಿನ ಹೊತ್ತಿಗೆ ಯಾರಿಗಿರುತ್ತದೆ? ಅದಕ್ಕಾಗಿಯೇ ವೈದ್ಯರು ಕೇಳಬೇಕು, ನಾವೂ ಹೇಳಬೇಕು.

ನೀಲಗಿರಿಯೊಂದೇ ಆರೋಪಿಯಲ್ಲ

ಈ ಶಿಲೀಂಧ್ರಕ್ಕೂ ನಮಗೂ ಏನು ಸಂಬಂಧ? ಸಂಬಂಧವಿದೆ, ಅದು ಒಂದು ಮರದ ಮೂಲಕ ಬಂದದ್ದು. ಕ್ರಿಪ್ಟೋಕಾಕಸ್ ಗ್ಯಾಟ್ಟಿ ಪರಿಸರದಲ್ಲಿ ಎಲ್ಲಿ ವಾಸಿಸುತ್ತದೆ ಎಂಬುದನ್ನು 1990ರಲ್ಲಿ ಮೊದಲಿಗೆ ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ಎಲ್ಲಿಸ್ ಮತ್ತು ಫೈಫರ್ ಎಂಬ ವಿಜ್ಞಾನಿಗಳು. ಅವರಿಗೆ ಅದು ಸಿಕ್ಕಿದ್ದು ಅಲ್ಲಿಯ ನೀಲಗಿರಿ ಜಾತಿಯ ಮರದಲ್ಲಿ. 1997ರಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಭಾರತದಲ್ಲಿ ಬೆಳೆದ ನೀಲಗಿರಿ ಮರದಲ್ಲಿಯೂ ಅದನ್ನು ಗುರುತಿಸಿದರು.

ಕರ್ನಾಟಕದಲ್ಲಿ ನೀಲಗಿರಿಯ ಕಥೆ ಎಲ್ಲರಿಗೂ ತಿಳಿದದ್ದೇ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅದನ್ನು ಬಯಲುಸೀಮೆಯ ಹೊಲಗಳಿಗೆ ತಂದದ್ದು, 1980ರ ದಶಕದಲ್ಲಿ ರೈತರು ಅದರ ಸಸಿಗಳನ್ನು ಕಿತ್ತು ಪ್ರತಿಭಟಿಸಿದ್ದು, ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಇವೆಲ್ಲ ನಮ್ಮ ಪರಿಸರ ಹೋರಾಟದ ಚರಿತ್ರೆಯ ಭಾಗ. ಹಾಗಾದರೆ ಈಗ ಆ ಮರದ ಮೇಲೆ ಇನ್ನೊಂದು ಆರೋಪ ಹೊರಿಸಿಬಿಡಬಹುದಲ್ಲವೆ? ನೀಲಗಿರಿ ನೀರು ಕುಡಿಯುತ್ತದೆ, ಮಣ್ಣು ಕೆಡಿಸುತ್ತದೆ, ಜೊತೆಗೆ ಎದೆಯ ರೋಗವನ್ನೂ ತರುತ್ತದೆ ಎಂದು ಕರಪತ್ರ ಅಚ್ಚು ಹಾಕಿಸಬಹುದಲ್ಲವೆ?

ಹಾಗೆ ಮಾಡಬಾರದು ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ಸಂಶೋಧಕರು ಈ ಶಿಲೀಂಧ್ರವನ್ನು ಹುಡುಕುತ್ತ ಹೋದಾಗ ಅದು ಸಿಕ್ಕಿದ್ದು ನಮ್ಮದೇ ನೇರಳೆ, ಬಕುಲ ಮರಗಳ ಪೊಟರೆಗಳಲ್ಲಿ. ಕೊಳೆಯುತ್ತಿರುವ ಮರದ ತಿರುಳೇ ಅದರ ಮನೆ. ಮರ ಸ್ವದೇಶಿಯೋ ಪರದೇಶಿಯೋ ಎಂಬುದು ಅದಕ್ಕೆ ಬೇಕಿಲ್ಲ. ನೇರಳೆ ಮರವನ್ನು ರೋಗದ ಮರವೆಂದು ಕಡಿಯಲು ಯಾರಾದರೂ ಹೊರಟರೆ ನಾವು ಒಪ್ಪುತ್ತೇವೆಯೆ? ಪೊಟರೆಯಿರುವ ಹಳೆಯ ಮರ ಮಂಗಟ್ಟೆ ಹಕ್ಕಿಯ ಗೂಡು, ಜೇನಿನ ಮನೆ. ಅದನ್ನು ಕಡಿದರೆ ಶಿಲೀಂಧ್ರ ನಾಶವಾಗುವುದಿಲ್ಲ. ಕಡಿಯುವ ಗರಗಸದ ಪುಡಿಯೊಡನೆ ಗಾಳಿಗೆ ಏರುತ್ತದೆ. ನೀಲಗಿರಿಯನ್ನು ವಿರೋಧಿಸಲು ನೀರು, ಮಣ್ಣು, ಜೀವವೈವಿಧ್ಯಗಳ ಕಾರಣಗಳು ಸಾಕಷ್ಟಿವೆ. ಅದಕ್ಕೆ ಅರ್ಧ ಸತ್ಯದ ಭಯವನ್ನು ಸೇರಿಸಿದರೆ ನಾಳೆ ಇಡೀ ವಾದವೇ ನಂಬಿಕೆ ಕಳೆದುಕೊಳ್ಳುತ್ತದೆ. ಬಾಯಿಗೆ ಬಂದ ಆರೋಪವಲ್ಲ, ಪರಿಶೀಲಿಸಿದ ಮಾತೇ ಚಳವಳಿಯ ಬಂಡವಾಳ.

ಬಾವಲಿಯ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಹಿಸ್ಟೋಪ್ಲಾಸ್ಮಾ ಎಂಬ ಇನ್ನೊಂದು ಶಿಲೀಂಧ್ರ ಬಾವಲಿ ಮತ್ತು ಹಕ್ಕಿಗಳ ಹಿಕ್ಕೆ ಬೆರೆತ ಮಣ್ಣಿನಲ್ಲಿ ಸೊಂಪಾಗಿ ಬೆಳೆಯುತ್ತದೆ. ಗುಹೆ ಹೊಕ್ಕವರು, ಹಳೆಯ ಕಟ್ಟಡ ಕೆಡವಿದವರು, ಹಿಕ್ಕೆ ಗೊಬ್ಬರ ಬಾಚಿದವರು ಒಟ್ಟೊಟ್ಟಿಗೆ ಕಾಯಿಲೆ ಬಿದ್ದ ಘಟನೆಗಳು ಅಮೆರಿಕ ಖಂಡಗಳಲ್ಲಿ ಅನೇಕ. ನಮ್ಮ ದೇಶದಿಂದ 1954ರಲ್ಲಿ ಕಲ್ಕತ್ತೆಯ ವೈದ್ಯರು ಈ ರೋಗವನ್ನು ಮೊದಲಿಗೆ ವರದಿ ಮಾಡಿದರು; 1975ರಲ್ಲಿ ಗಂಗಾ ಬಯಲಿನ ಮಣ್ಣಿನಲ್ಲಿ ಆ ಶಿಲೀಂಧ್ರ ಸಿಕ್ಕಿತು. ದಕ್ಷಿಣದ ರಾಜ್ಯಗಳಿಂದಲೂ ರೋಗಿಗಳ ವರದಿಗಳು ಬಂದಿವೆ. ಇದರ ಅರ್ಥ ಬಾವಲಿಗಳನ್ನು ಹೊಗೆ ಹಾಕಿ ಓಡಿಸಬೇಕು ಎಂದಲ್ಲ. ಕೀಟಗಳನ್ನು ತಿಂದು, ಬೀಜ ಹರಡಿ ನಮ್ಮ ಕಾಡನ್ನೂ ತೋಟವನ್ನೂ ಕಾಯುವ ಜೀವಿ ಅದು. ಹಿಕ್ಕೆಯ ರಾಶಿ ಅದರ ಪಾಡಿಗೆ ಇದ್ದಾಗ ಅಪಾಯ ಕಡಿಮೆ. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿ ದೂಳೆಬ್ಬಿಸಿದಾಗ ಅದು ಉಸಿರಿಗೆ ಬರುತ್ತದೆ.

ಕದಡಿದ ಮಣ್ಣು

ಹೀಗೆ ಎಲ್ಲ ಉದಾಹರಣೆಗಳೂ ಒಂದೇ ಕಡೆ ಬೆರಳು ತೋರಿಸುತ್ತವೆ. ಶಿಲೀಂಧ್ರ ನೆಲದಲ್ಲಿರುವುದು ಸಹಜ. ಅದನ್ನು ಗಾಳಿಗೆ ಎಬ್ಬಿಸುವುದು ಹಲವು ವೇಳೆ ಮನುಷ್ಯನ ಕೆಲಸ. ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬರುತ್ತದೆ.

ಅಲ್ಲಿಯ ಒಣ ಕಣಿವೆಗಳ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿದೆ. ಅದು ತರುವ ಎದೆಯ ರೋಗಕ್ಕೆ ಜನ ಇಟ್ಟಿರುವ ಹೆಸರು 'ಕಣಿವೆ ಜ್ವರ'. ಸೋಂಕು ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಏನೂ ಆಗುವುದಿಲ್ಲ, ಕೆಲವರು ತಿಂಗಳುಗಟ್ಟಲೆ ಮಲಗುತ್ತಾರೆ, ಕೆಲವರು ಸಾಯುತ್ತಾರೆ. 1994ರ ಜನವರಿಯಲ್ಲಿ ನಾರ್ತ್‌ರಿಜ್ ಭೂಕಂಪವಾದಾಗ ಗುಡ್ಡಗಳು ಕುಸಿದು ದೂಳು ಎದ್ದಿತು. ಮುಂದಿನ ವಾರಗಳಲ್ಲಿ ವೆಂಚುರಾ ಕೌಂಟಿಯೊಂದರಲ್ಲಿಯೇ 203 ಮಂದಿಗೆ ಕಣಿವೆ ಜ್ವರ ಬಂದಿತು, ಮೂವರು ಸತ್ತರು. ಗುಡ್ಡ ಕುಸಿತವೆಂದರೆ ಮನೆ, ತೋಟಗಳ ನಷ್ಟ ಮಾತ್ರವಲ್ಲ ಎಂಬುದನ್ನು ಇದು ತೋರಿಸಿತು.

ಅದು ಪ್ರಕೃತಿ ಮಾಡಿದ್ದು. 2011ರಿಂದ 2014ರ ನಡುವೆ ಅದೇ ರಾಜ್ಯದ ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಯಲ್ಲಿ ನಡೆದದ್ದು ಮನುಷ್ಯ ಮಾಡಿದ್ದು. ಅಲ್ಲಿ ಎರಡು ಬೃಹತ್ ಸೌರವಿದ್ಯುತ್ ಸ್ಥಾವರಗಳನ್ನು ಕಟ್ಟಲು ಸಾವಿರಾರು ಎಕರೆ ನೆಲವನ್ನು ಅಗೆದು ಸಮ ಮಾಡಲಾಯಿತು. ಕೆಲಸ ಮಾಡಿದ 3,572 ಮಂದಿಯಲ್ಲಿ 44 ಮಂದಿಗೆ ಕಣಿವೆ ಜ್ವರ ತಗುಲಿತು. ದುಡಿಯುವ ವಯಸ್ಸಿನ, ಗಟ್ಟಿಮುಟ್ಟಾದ ಕೂಲಿಕಾರರು ಅವರು. ಇಲ್ಲಿ ನಾವು ವಿಶೇಷವಾಗಿ ಯೋಚಿಸಬೇಕಾದ ಅಂಶವೊಂದಿದೆ. ಆ ಯೋಜನೆ ಕಲ್ಲಿದ್ದಲಿನದಲ್ಲ, ಗಣಿಯದಲ್ಲ. ಪರಿಸರಸ್ನೇಹಿ ಎಂದು ನಾವೇ ಹೊಗಳುವ ಸೂರ್ಯನ ಶಕ್ತಿಯದು. ಉದ್ದೇಶ ಹಸಿರಾಗಿದ್ದರೆ ಸಾಲದು, ಅಗೆಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ.

ಕ್ಯಾಲಿಫೋರ್ನಿಯಾ ಸರ್ಕಾರ 2019ರಲ್ಲಿ ಒಂದು ಕಾನೂನು ಮಾಡಿತು. ಈ ರೋಗ ಹೆಚ್ಚಾಗಿರುವ ಕೌಂಟಿಗಳಲ್ಲಿ ಮಣ್ಣು ಕದಡುವ ನಿರ್ಮಾಣ ಕಾಮಗಾರಿ ಮಾಡಿಸುವ ಮಾಲೀಕರು ಕೆಲಸಗಾರರಿಗೆ ರೋಗದ ಲಕ್ಷಣ, ತಡೆಯುವ ಕ್ರಮಗಳ ಬಗ್ಗೆ ತರಬೇತಿ ಕೊಡಲೇಬೇಕು. ಮಣ್ಣಿನಿಂದ ಬರುವ ಕಾಯಿಲೆ ಕೂಲಿಕಾರನ ಹಣೆಬರಹವಲ್ಲ, ಕೆಲಸ ಕೊಡುವವನ ಹೊಣೆ ಎಂದು ಒಪ್ಪಿಕೊಂಡ ಕಾನೂನು ಅದು.

ಕಾಕ್ಸಿಡಿಯಾಯ್ಡಿಸ್ ನಮ್ಮ ಮಣ್ಣಿನ ಶಿಲೀಂಧ್ರವಲ್ಲ. ಅಮೆರಿಕ ಖಂಡಗಳಿಗೆ ಸೀಮಿತವಾದದ್ದು. ಅರಿಜೋನಾ, ಕ್ಯಾಲಿಫೋರ್ನಿಯಾಗಳಲ್ಲಿ ಉದ್ಯೋಗದಲ್ಲಿದ್ದು ರಜೆಗೆ ಊರಿಗೆ ಬಂದ ಮಕ್ಕಳಿಗೆ ಬಿಡದ ಕೆಮ್ಮಿದ್ದರೆ ಮಾತ್ರ ಅದನ್ನು ವೈದ್ಯರಿಗೆ ಹೇಳಬೇಕು. ಆದರೆ ಆ ಕಾನೂನಿನ ಹಿಂದಿನ ನ್ಯಾಯ ಎಲ್ಲ ದೇಶಕ್ಕೂ ಸಲ್ಲುವಂಥದು. ಘಟ್ಟದ ರಸ್ತೆ ಅಗಲ ಮಾಡಲು ಗುಡ್ಡ ಕೊರೆಯುವ, ಸುರಂಗ ತೋಡುವ, ಹಳೆಯ ನೆಡುತೋಪು ಕಡಿಯುವ ಕೂಲಿಕಾರನ ಮೂಗಿಗೆ ಇಂದು ಹೆಗಲ ಮೇಲಿನ ಟವೆಲ್ಲೇ ಗತಿ. ಯೋಜನೆಗಳ ಪರಿಸರ ಪರಿಣಾಮ ವರದಿಗಳಲ್ಲಿ ದೂಳನ್ನು ಗಾಳಿಯಲ್ಲಿರುವ ಕಣಗಳ ತೂಕವಾಗಿ ಅಳೆಯುತ್ತಾರೆ. ಆ ದೂಳಿನಲ್ಲಿ ಜೀವವಿದೆಯೆ, ಅದನ್ನು ಉಸಿರಾಡಿದವರು ಆರು ತಿಂಗಳ ಮೇಲೆ ಹೇಗಿದ್ದಾರೆ ಎಂಬ ಪ್ರಶ್ನೆಗೂ ಅಲ್ಲಿ ಜಾಗ ಬೇಕು.

ಕ್ಷಯದ ನೆರಳಿನಲ್ಲಿ

ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯರೋಗದ ಪರೀಕ್ಷೆ ಮಾಡಿಸಬೇಕು ಎಂಬುದು ನಮ್ಮ ದೇಶದ ಆರೋಗ್ಯ ನೀತಿ. ಅದು ಸರಿಯಾದ ನೀತಿ. ಜಗತ್ತಿನಲ್ಲಿ ಅತಿಹೆಚ್ಚು ಕ್ಷಯರೋಗಿಗಳಿರುವ ದೇಶದಲ್ಲಿ ಮೊದಲ ಅನುಮಾನ ಕ್ಷಯದ ಮೇಲೆಯೇ ಇರಬೇಕು. ಈ ಲೇಖನ ಓದಿ ಯಾರೂ ಕ್ಷಯದ ಔಷಧವನ್ನು ನಡುವೆ ನಿಲ್ಲಿಸಕೂಡದು. ಹಾಗೆ ನಿಲ್ಲಿಸುವುದು ಪ್ರಾಣಕ್ಕೂ ಊರಿಗೂ ಅಪಾಯ.

ತೊಂದರೆ ಇರುವುದು ಎರಡನೆಯ ಹೆಜ್ಜೆಯಲ್ಲಿ. ಶಿಲೀಂಧ್ರ ಸೋಂಕಿನ ಲಕ್ಷಣಗಳು ಕ್ಷಯದ ಲಕ್ಷಣಗಳೇ: ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿತ. ಎಕ್ಸ್‌-ರೇಯಲ್ಲಿ ಕಾಣುವ ನೆರಳೂ ಕ್ಷಯದಂತೆ, ಕೆಲವೊಮ್ಮೆ ಕ್ಯಾನ್ಸರ್‌ನಂತೆ ಇರುತ್ತದೆ. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ 'ಕ್ಷಯವೇ ಇರಬಹುದು' ಎಂದು ಔಷಧ ಆರಂಭವಾಗುವುದುಂಟು. ತಿಂಗಳುಗಳು ಉರುಳುತ್ತವೆ. ಕ್ಷಯದ ಔಷಧ ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಮಾತ್ರೆ ಸರಿಯಾಗಿ ನುಂಗಿಲ್ಲವೆಂದು ರೋಗಿಯೇ ಬೈಗುಳ ಕೇಳುತ್ತಾನೆ. ಈ ನಡುವೆ ಶಿಲೀಂಧ್ರ ಮಿದುಳಿಗೆ ಏರಿದರೆ ಯಾರ ಮೇಲೆ ತಪ್ಪು ಹೊರಿಸುವುದು?

ಪರೀಕ್ಷೆಗಳು ಇಲ್ಲದೆ ಇಲ್ಲ. ಕ್ರಿಪ್ಟೋಕಾಕಸ್‌ನ ಕವಚದ ಅಂಶವನ್ನು ರಕ್ತದಲ್ಲಿ ಗುರುತಿಸುವ ಪಟ್ಟಿಯಂಥ ಸರಳ ಪರೀಕ್ಷೆ ಇದೆ. ಹತ್ತೇ ನಿಮಿಷದಲ್ಲಿ ಫಲಿತಾಂಶ ಕೊಡುತ್ತದೆ. ಕಫವನ್ನೋ ಗಂಟಿನ ಚೂರನ್ನೋ ಸೂಕ್ಷ್ಮದರ್ಶಕದಲ್ಲಿ ನೋಡಿ, ಬೆಳೆಸಿ ಗುರುತಿಸುವ ವಿಧಾನಗಳು ವೈದ್ಯಕೀಯ ಕಾಲೇಜುಗಳಲ್ಲಿವೆ. ಔಷಧವೂ ಇದೆ. ಸೌಮ್ಯ ರೋಗಕ್ಕೆ ಫ್ಲುಕೊನಝೋಲ್ ಮಾತ್ರೆ, ತೀವ್ರ ರೋಗಕ್ಕೆ ಆಂಫೊಟೆರಿಸಿನ್ ಚುಚ್ಚುಮದ್ದು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಗಮನ ಹರಿಸಬೇಕಾದ 19 ರೋಗಕಾರಕ ಶಿಲೀಂಧ್ರಗಳ ಪಟ್ಟಿಯನ್ನು ಪ್ರಕಟಿಸಿತು. ಇಲ್ಲಿ ಹೇಳಿದ ನಾಲ್ಕೂ, ಎಂದರೆ ಎರಡು ಕ್ರಿಪ್ಟೋಕಾಕಸ್‌ಗಳು, ಹಿಸ್ಟೋಪ್ಲಾಸ್ಮಾ, ಕಾಕ್ಸಿಡಿಯಾಯ್ಡಿಸ್, ಆ ಪಟ್ಟಿಯಲ್ಲಿವೆ. ಕೊರತೆಯಿರುವುದು ವಿದ್ಯೆಯದಲ್ಲ, ತಾಲ್ಲೂಕು ಆಸ್ಪತ್ರೆಯಿಂದ ಆ ಪ್ರಯೋಗಾಲಯದವರೆಗೆ ಒಂದು ಮಾದರಿ ತಲುಪುವ ದಾರಿಯದು.

ಔಷಧದ ಮಾತು ಬಂದಾಗ ಅಡಿಕೆ ತೋಟದ ಮಾತನ್ನೂ ಆಡಲೇಬೇಕಾಗಿದೆ. ಶಿಲೀಂಧ್ರಕ್ಕೆ ಮನುಷ್ಯರಿಗೆ ಕೊಡುವ ಮುಖ್ಯ ಔಷಧಗಳು ಅಝೋಲ್ ಎಂಬ ಒಂದೇ ಬಳಗದವು. ಎಲೆಚುಕ್ಕೆ ರೋಗಕ್ಕೆಂದು ನಾವು ತೋಟಕ್ಕೆ ಸಿಂಪಡಿಸುವ ಹೆಕ್ಸಕೊನಝೋಲ್, ಪ್ರೊಪಿಕೊನಝೋಲ್, ಟೆಬುಕೊನಝೋಲ್‌ಗಳೂ ಅದೇ ಬಳಗದವು. ಈ ಸಿಂಪರಣೆಗೆ ಒಗ್ಗಿಕೊಂಡು ಬದುಕುಳಿದ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ನೆದರ್ಲೆಂಡ್ಸ್ ದೇಶದಲ್ಲಿ ರೋಗಿಗಳ ಎದೆಯಲ್ಲಿ ಔಷಧಕ್ಕೆ ಬಗ್ಗದೆ ಕುಳಿತದ್ದು 1990ರ ದಶಕದ ಕೊನೆಯಿಂದಲೇ ಕಂಡುಬಂದಿದೆ. ಅದೇ ಬಗೆಯ ಔಷಧನಿರೋಧಕ ತಳಿ ಭಾರತದ ಮಣ್ಣಿನಲ್ಲಿಯೂ ಇರುವುದನ್ನು 2012ರಲ್ಲಿ ನಮ್ಮ ಸಂಶೋಧಕರೇ ತೋರಿಸಿದರು. ತೋಟ ಕಳೆದುಕೊಳ್ಳುತ್ತಿರುವ ಬೆಳೆಗಾರನನ್ನು ಗದರುವುದು ನನ್ನ ಉದ್ದೇಶವಲ್ಲ. ಅವನ ಕಷ್ಟ ನಿಜವಾದದ್ದು. ಆದರೆ ಅಂಗಡಿಯವನು ಹೇಳಿದಷ್ಟು ಸಲವಲ್ಲ, ಶಿಫಾರಸು ಇದ್ದಷ್ಟೇ ಸಲ ಸಿಂಪಡಿಸುವುದು, ರೋಗ ಬಂದ ಹೆಡೆಗಳನ್ನು ತೆಗೆದು ನಾಶಮಾಡುವುದು, ಒಂದೇ ಬಳಗದ ಔಷಧವನ್ನು ಮತ್ತೆ ಮತ್ತೆ ಬಳಸದಿರುವುದು ತೋಟದ ಹಿತಕ್ಕೂ ಒಳ್ಳೆಯದು, ನಾಳೆ ನಮ್ಮದೇ ಮನೆಯ ರೋಗಿಗೆ ಔಷಧ ನಾಟಲೂ ಒಳ್ಳೆಯದು.

ನಾವು ಕೇಳಬೇಕಾದದ್ದು, ಮಾಡಬೇಕಾದದ್ದು

ನಮ್ಮ ಗುಡ್ಡಗಳಲ್ಲಿ ಇಂಥದೊಂದು ಪಿಡುಗು ಎದ್ದಿದೆ ಎಂದು ಈ ಲೇಖನ ಸಾರುತ್ತಿಲ್ಲ. ಕೆಮ್ಮಿದವರೆಲ್ಲ ಶಿಲೀಂಧ್ರಕ್ಕೆ ಹೆದರಬೇಕಾಗಿಲ್ಲ. ನಮ್ಮ ಬೇಡಿಕೆ ಸರಳವಾದದ್ದು. ಕ್ಷಯದ ಪರೀಕ್ಷೆಯಲ್ಲಿ ಏನೂ ಸಿಗದೆ, ಅಥವಾ ಕ್ಷಯದ ಔಷಧ ಪಡೆದೂ ಗುಣ ಕಾಣದೆ ಇರುವ ಪ್ರತಿಯೊಬ್ಬ ರೋಗಿಯ ಕೆಲಸ, ನೆಲ, ಪ್ರಯಾಣಗಳ ವಿವರವನ್ನು ಕೇಳಿ ಬರೆದುಕೊಳ್ಳಬೇಕು. ಅವರ ಮಾದರಿಯನ್ನು ಶಿಲೀಂಧ್ರ ಪರೀಕ್ಷೆಗೆ ಕಳುಹಿಸುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯಲ್ಲಿ ಇರಬೇಕು. ಪಶುವೈದ್ಯರು ಕಂಡ ಅಸಹಜ ರೋಗಗಳ ಮಾಹಿತಿ ಆರೋಗ್ಯ ಇಲಾಖೆಗೆ ತಲುಪಬೇಕು. ಮಂಗನ ಕಾಯಿಲೆಯಿಂದ ನಾವು ಈಗಾಗಲೇ ಕಲಿತದ್ದನ್ನು ಎದೆಯ ಕಾಯಿಲೆಗೂ ವಿಸ್ತರಿಸಬೇಕು. ಗುಡ್ಡ ಅಗೆಯುವ, ಮರ ಕಡಿಯುವ ಗುತ್ತಿಗೆದಾರರು ನೀರು ಚಿಮುಕಿಸಿ ದೂಳು ತಡೆಯುವುದು, ಕೂಲಿಕಾರರಿಗೆ ಒಳ್ಳೆಯ ಮುಖಗವಸು ಕೊಡುವುದು, ಕೆಲಸ ಮುಗಿದ ಮೇಲೂ ಅವರ ಆರೋಗ್ಯದ ದಾಖಲೆ ಇಡುವುದು ಷರತ್ತಾಗಬೇಕು. ಗ್ರಾಮಸಭೆಯಲ್ಲಿ ಎದ್ದು ಕೇಳಬಹುದಾದ ಮಾತುಗಳಿವು.

ನಾವೇ ಮಾಡಬಹುದಾದದ್ದೂ ಇದೆ. ಬಾವಲಿ, ಪಾರಿವಾಳಗಳ ಹಿಕ್ಕೆ ತುಂಬಿದ ಅಟ್ಟವನ್ನೋ ಹಳೆಯ ಶಾಲಾ ಕಟ್ಟಡವನ್ನೋ ಶುಚಿ ಮಾಡುವಾಗ ಒಣಗಿದ್ದಂತೆಯೇ ಗುಡಿಸಬಾರದು. ಮೊದಲು ನೀರು ಚಿಮುಕಿಸಿ ನೆನೆಸಿ, ಎನ್-95 ಮುಖಗವಸು ಕಟ್ಟಿಕೊಂಡು ಬಾಚಬೇಕು. ಶ್ರಮದಾನವೆಂದು ಮಕ್ಕಳ ಕೈಗೆ ಆ ಕೆಲಸದ ಪೊರಕೆ ಕೊಡಲೇಬಾರದು. ಪೊಟರೆ ಮರ ಬಿದ್ದಿದ್ದರೆ ಅದರ ಪುಡಿಯನ್ನು ಕೆದಕುವಾಗಲೂ ಇದೇ ಎಚ್ಚರ ಸಾಕು. ಎಚ್ಚರಿಕೆ ಇದ್ದರೆ ಮರವೂ ಉಳಿಯುತ್ತದೆ, ಬಾವಲಿಯೂ ಉಳಿಯುತ್ತದೆ.

ವ್ಯಾಂಕೂವರ್ ದ್ವೀಪದ ಜನ ತಮ್ಮ ಕಾಡಿಗೆ ಬೆಂಕಿ ಇಡಲಿಲ್ಲ, ಉದ್ಯಾನಗಳಿಗೆ ಬೀಗ ಹಾಕಲಿಲ್ಲ. ಅಲ್ಲಿಯ ಆರೋಗ್ಯ ಇಲಾಖೆ ವೈದ್ಯರಿಗೆ ತಿಳಿಸಿತು, ಪಶುವೈದ್ಯರ ಮಾತು ಕೇಳಿತು, ಪ್ರತಿಯೊಬ್ಬ ರೋಗಿಯನ್ನೂ ಎಣಿಸಿತು. ನಮ್ಮಲ್ಲಿಯೂ ಕಾಯಿಲೆ ಬಿದ್ದವನು ಆಸ್ಪತ್ರೆಗೆ ಹೋದಾಗ ಅವನ ಅಂಗಾಲಿಗೆ ಅಂಟಿದ ಮಣ್ಣು ಅವನ ಜೊತೆಯಲ್ಲಿಯೇ ಹೋಗಿರುತ್ತದೆ. ಅದನ್ನು ಎಲ್ಲಿ ಮೆಟ್ಟಿದೆ ಎಂದು ಒಬ್ಬ ವೈದ್ಯರು ಕೇಳಿದರೆ ಒಂದು ಜೀವ ಉಳಿದೀತು. ಅವರು ಕೇಳದಿದ್ದರೆ, ಕೇಳುವವರೆಗೂ ಕಾಯದೆ, ನಾವೇ ಹೇಳೋಣ.